ಹುಳ ಕೊಳೆಸುವ ಕೆಲಸ

ಕಾಯಿಕೊರಕ ಹುಳ ಸತ್ತು, ನೀರಿನ ಬಾಟಲಿಯಲ್ಲಿ ಒಂದು ವಾರ ಕೊಳೆತ ಮೇಲೆ ಅದರ ಮುಚ್ಚಳ ತೆಗೆದವರಿಗೆ ಮಾತ್ರ ಆ ವಾಸನೆ ಗೊತ್ತು. ಸತ್ತ ಇಲಿ ಅದರ ಮುಂದೆ ಏನೂ ಅಲ್ಲ. ಕೂದಲಿಗೆ ಹತ್ತುತ್ತದೆ, ಉಗುರಿನ ಸಂದಿಗೆ ಹತ್ತುತ್ತದೆ, ಮತ್ತೆ ಮತ್ತೆ ಸೋಪು ಹಚ್ಚಿ ತೊಳೆದ ಕೈಯನ್ನು ಮೂಗಿನ ಹತ್ತಿರ ತಂದರೆ ಅಲ್ಲೇ ಕಾದು ಕೂತಿರುತ್ತದೆ. ಹಡಗಲಿಯ ಹೊರಗಿನ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಆ ಚಳಿಗಾಲವೆಲ್ಲ ನಾನು ಮಾಡಿದ್ದು ಇದೇ ಕೆಲಸ. ಹುಳ ಹಿಡಿಯುವುದು, ಹುಳಕ್ಕೆ ರೋಗ ಬರಿಸುವುದು, ಸತ್ತ ಹುಳವನ್ನು ಕೊಳೆಸುವುದು. ನಮ್ಮವ್ವ ನನ್ನನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಬಚ್ಚಲಿಗೆ ಹೋಗುವವರೆಗೆ ಏನನ್ನೂ ಮುಟ್ಟುವ ಹಾಗಿರಲಿಲ್ಲ.

“ಊರಾಗಿನ ಹುಡುಗ್ಯಾರು ಕೆಲಸ ಮುಗಿಸಿ ಬಂದ್ರ ಪೌಡರ್ ವಾಸನಿ ಬರತೈತಿ. ನೀನು ಬಂದ್ರ ಬೆಕ್ಕು ಸೈತ ಮನಿ ಬಿಟ್ಟು ಓಡತೈತಿ” ಎನ್ನುತ್ತಿದ್ದಳು.

ನಾನು ನಗುತ್ತಿದ್ದೆ. ಆಗ ಆ ವಾಸನೆಯ ಬಗ್ಗೆ ನನಗೆ ಒಳಗೊಳಗೆ ಹೆಮ್ಮೆಯೇ ಇತ್ತು. ಹೇಸಿಗೆ ಎಂದರೇನೆಂದು ಗೊತ್ತಾಗಿದ್ದು ಆಮೇಲೆ.

ಕಡಲೆಗೂ ತೊಗರಿಗೂ ಬೀಳುವ ಈ ಕಾಯಿಕೊರಕಕ್ಕೆ ತನ್ನದೇ ಆದ ಒಂದು ರೋಗವಿದೆ. ಒಂದು ನಂಜು, ಅಂದರೆ ವೈರಸ್ಸು. ಅದು ಈ ಹುಳವನ್ನಷ್ಟೇ ಕೊಲ್ಲುತ್ತದೆ. ಜೇನು, ಜೇಡ, ಹಕ್ಕಿ, ದನ, ಮನುಷ್ಯ ಯಾರ ತಂಟೆಗೂ ಹೋಗುವುದಿಲ್ಲ. ಆ ನಂಜನ್ನು ಹೆಚ್ಚಿಸಿ ರೈತರಿಗೆ ಕೊಡುವುದಕ್ಕೆಂದೇ ನಮ್ಮ ಭಾಗದ ರೈತ ಸಂಘವೊಂದು ಈ ಘಟಕ ಶುರು ಮಾಡಿತ್ತು. ತೊಗರಿ ಗಿಡದ ಕೆಳಗೆ ಪಂಚೆ ಹಾಸಿ, ಗಿಡ ಅಲುಗಿಸಿ, ಬಿದ್ದ ಹುಳಗಳನ್ನು ಆರಿಸಿ ತರುತ್ತಿದ್ದೆ. ತಂದದ್ದನ್ನು ಒಟ್ಟಿಗೆ ಇಡುವಂತಿಲ್ಲ, ಒಂದನ್ನೊಂದು ತಿನ್ನುತ್ತವೆ. ಬೆಳಗ್ಗೆ ಹತ್ತು ಹುಳ ಹಾಕಿದ ಡಬ್ಬಿಯಲ್ಲಿ ಸಂಜೆಗೆ ಕೊಬ್ಬಿದ ಒಂದೆರಡು ಹುಳ, ಉಳಿದದ್ದು ತಲೆಚಿಪ್ಪು. ಹಾಗಾಗಿ ಒಂದೊಂದಕ್ಕೂ ಒಂದೊಂದು ಸಣ್ಣ ಡಬ್ಬಿ, ಮುಚ್ಚಳಕ್ಕೆ ಸೂಜಿಯಿಂದ ತೂತು, ಒಳಗೆ ನಂಜಿನ ನೀರಿನಲ್ಲಿ ಅದ್ದಿದ ನೆನೆಗಡಲೆ. ನಾಲ್ಕೈದು ದಿನಕ್ಕೆ ಹುಳ ತಿನ್ನುವುದು ಬಿಡುತ್ತದೆ. ಬೆಳ್ಳಗೆ ಊದಿಕೊಂಡು, ಸಾಯುವ ಮೊದಲು ಎಲ್ಲಿಯವರೆಗೆ ಆಗುತ್ತದೋ ಅಲ್ಲಿಯವರೆಗೆ ಮೇಲೆ ಹತ್ತಿ, ಹಿಂಗಾಲಿನಿಂದ ಮುಚ್ಚಳ ಹಿಡಿದು ತಲೆಕೆಳಗಾಗಿ ಜೋತು ಬೀಳುತ್ತದೆ. ಹೊಲದಲ್ಲಾದರೂ ಅಷ್ಟೇ, ಗಿಡದ ತುದಿಗೆ ಹೋಗಿ ಜೋತು ಬೀಳುತ್ತದೆ. ಒಳಗೆಲ್ಲ ನೀರಾಗಿರುತ್ತದೆ. ಒಡೆಯುವ ಮೊದಲೇ ಚಿಮಟದಿಂದ ಬಿಡಿಸಿ ನೀರಿಗೆ ಹಾಕಬೇಕು. ಕೈ ಸ್ವಲ್ಪ ಬಿಗಿಯಾದರೂ ಹುಳ ಬೆರಳ ಮೇಲೆ ಒಡೆದು ಮೊಣಕೈವರೆಗೆ ಇಳಿಯುತ್ತದೆ.

ಕೊಳೆತದ್ದನ್ನು ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ತಳಕ್ಕೆ ಇಳಿದ ಗಸಿಯನ್ನು ತೆಗೆದುಕೊಂಡರೆ ಅದೇ ಔಷಧಿ. ಹೊಡೆಯುವಾಗ ಅದಕ್ಕೆ ಬೆಲ್ಲ ಹಾಕಬೇಕು, ಹುಳ ಆಸೆಯಿಂದ ತಿನ್ನಲಿ ಎಂದು. ಬಟ್ಟೆಗೆ ಹಾಕುವ ನೀಲಿಯನ್ನೂ ಸ್ವಲ್ಪ ಬೆರೆಸಬೇಕು, ಬಿಸಿಲಿಗೆ ನಂಜು ಸಾಯದಿರಲಿ ಎಂದು. ಸಂಜೆ ಇಳಿಹೊತ್ತಿಗೇ ಹೊಡೆಯಬೇಕು. ಇಷ್ಟೆಲ್ಲ ಮಾಡಿದರೂ ಹುಳ ಸಾಯಲು ಐದಾರು ದಿನ. ಈ ಐದಾರು ದಿನವೇ ನಮ್ಮ ಘಟಕದ ವ್ಯವಸ್ಥಾಪಕರ ತಲೆನೋವಾಗಿತ್ತು. ಅವರು ಹರಪನಹಳ್ಳಿಯವರು, ಮಾತಿನಲ್ಲಿ ಬೆಣ್ಣೆ. ನಾನು ಗೋದಾಮಿನೊಳಗೆ, ಅವರು ಹೊರಗೆ: ರೈತರನ್ನು ಹಿಡಿಯುವುದು, ಔಷಧಿ ತಲುಪಿಸುವುದು, ಹೊಡೆಸುವುದು ಎಲ್ಲ ಅವರದು. ನಾನು ಯಾವುದಾದರೂ ಹೊಲ ನೋಡಲು ಹೋಗುವ ಹೊತ್ತಿಗೆ ಔಷಧಿ ಹೊಡೆದು ಎಂಟು ಹತ್ತು ದಿನವಾಗಿರುತ್ತಿತ್ತು. ಗಿಡ ಚೊಕ್ಕಟವಾಗಿರುತ್ತಿತ್ತು. ನನ್ನ ನಂಜು ಗೆದ್ದಿತೆಂದು ಬೀಗಿ ಬರುತ್ತಿದ್ದೆ.

ಹಿರೇಹಡಗಲಿ ಕಡೆಯ ಒಬ್ಬ ಅಕ್ಕನ ಎರೆಹೊಲ ಮಾತ್ರ ಹಾಗಲ್ಲ. ಅಲ್ಲಿ ನಂಜು ಹೊಡೆಯಲು ಅವರನ್ನು ಒಪ್ಪಿಸಿದ್ದು ನಾನೇ.

ಆ ಹೊಲಕ್ಕೆ ಎಂದೂ ಎಣ್ಣೆ ಬಿದ್ದಿರಲಿಲ್ಲ. ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷ. ಕಾರಣ ಕಡಲೆ ಹುಳಿ. ಕಡಲೆ ಹೂವು ಕಾಯಿಗೆ ಬಂದಾಗ ಎಲೆಯ ಮೇಲೆ ಹುಳಿ ಏಳುತ್ತದೆ. ಒಡೆದ ಹಿಮ್ಮಡಿಯವರು ಹೊಲಕ್ಕಿಳಿದರೆ ಚುರ್ ಎನ್ನುತ್ತದೆ. ಸೋಪು ತಾಗಿಸದೆ ತೊಳೆದ ಹಳೆಯ ಧೋತರವನ್ನು ರಾತ್ರಿ ಗಿಡಗಳ ಮೇಲೆ ಹಾಸಿಟ್ಟು, ಇಬ್ಬನಿ ಆರುವ ಮೊದಲು ಎತ್ತಿ ಹಿಂಡಿದರೆ ಬಾಟಲಿಗೆ ಬರುವುದೇ ಆ ಹುಳಿ. ಹೊಟ್ಟೆನೋವಿಗೆ, ಅಜೀರ್ಣಕ್ಕೆ, ದನ ಹೊಟ್ಟೆ ಉಬ್ಬರಿಸಿದರೆ ಮಜ್ಜಿಗೆಯಲ್ಲಿ ಒಂದು ಚಮಚ. ವರ್ಷವಿಡೀ ಕೆಡುವುದಿಲ್ಲ. ಅಕ್ಕನ ಅತ್ತೆಯ ಕಾಲದಿಂದ ಓಣಿಗೆಲ್ಲ ಹುಳಿ ಆ ಮನೆಯದೇ. ಅದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಜನ ಖಾಲಿ ಬಾಟಲಿ ತೊಳೆದು ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಾರೆ, ತುಂಬಿದ ಮೇಲೆ ಒಯ್ಯುತ್ತಾರೆ.

“ಹೊಲ ನಂದು ಇರಬೌದವ್ವ. ಅದರ ಹುಳಿ ಓಣಿ ಮಂದೀದು. ಅದಕ್ಕ ಎಣ್ಣಿ ಹೊಡದ್ರ ನಾ ಮಂದಿ ಬಾಯಿಗೆ ಎಣ್ಣಿ ಹಾಕಿದಂಗ” ಎಂದಿದ್ದರು ಅಕ್ಕ, ಮೊದಲ ದಿನವೇ.

ಆ ವರ್ಷ ಹುಳ ವಿಪರೀತವಾಗಿತ್ತು. ಸಾಲಿನ ನಡುವೆ ಹಾಕಿದ ಕೊತ್ತಂಬರಿ, ಅಂಚಿನ ಚೆಂಡುಹೂವು ಯಾವುದಕ್ಕೂ ಅದು ಬಗ್ಗಲಿಲ್ಲ. ಹಕ್ಕಿ ಕೂರಲೆಂದು ಅಲ್ಲಲ್ಲಿ ಕವೆಗೋಲು ನೆಟ್ಟು, ಬೆಳಗಿನ ಹೊತ್ತು ಹೊಲದ ತುಂಬ ಮಂಡಕ್ಕಿ ಚೆಲ್ಲಿದೆವು. ಮಂಡಕ್ಕಿ ತಿನ್ನಲು ಬಂದ ಹಕ್ಕಿ ಹುಳವನ್ನೂ ಹೆಕ್ಕುತ್ತದೆ. ಹೆಕ್ಕಿದವು, ಆದರೆ ಹುಳ ಅದಕ್ಕೂ ಮೀರಿತ್ತು. ಕಾಯಿಯೊಳಗೆ ತಲೆ ತೂರಿಸಿ ಅರ್ಧ ಮೈ ಹೊರಗೆ ಬಿಟ್ಟುಕೊಂಡು ತಿನ್ನುವ ಹುಳ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಕ್ಕನ ಮೈದುನ, ಆ ಹೊಲದ ಗಂಡಸಿನ ಕೆಲಸವೆಲ್ಲ ನೋಡಿಕೊಳ್ಳುವವರು, ಅಂಗಡಿಯಿಂದ ಎಣ್ಣೆ ತರುತ್ತೇನೆಂದು ಹಟ ಹಿಡಿದಿದ್ದರು. ಹೀಗೇ ಬಿಟ್ಟರೆ ಕೊಯ್ಯಲು ಬರೀ ಸೊಪ್ಪೆ ಉಳಿಯುತ್ತದೆ ಎಂಬ ಅವರ ಮಾತೂ ಸುಳ್ಳಲ್ಲ. ಆಗ ನಾನು ನಂಜಿನ ಮಾತೆತ್ತಿದೆ.

ಹೆಂಗಸರು ಮೂಗು ಮುಚ್ಚಿಕೊಂಡರು. ಕಡಲೆಯ ಎಳೆ ಕುಡಿ ಚಿವುಟಿ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಜನ ನಾವು. “ಸತ್ತ ಹುಳದ ರಸ ಹೊಡದ ಹೊಲದಾಗ ಪಲ್ಯ ಚೂಟಾಕ ಆಕ್ಕೈತೇನು? ಥೂ!” ಎಂದು ಒಬ್ಬಾಕೆ ನನ್ನ ಮುಂದೆಯೇ ಉಗುಳಿದಳು. ಪಕ್ಕದ ಹೊಲದಲ್ಲಿ ಹಿಂದಿನ ದಿನವಷ್ಟೇ ಎಣ್ಣೆ ಹೊಡೆದಿದ್ದರು. ಅಲ್ಲಿ ಚಿವುಟಿದ ಕುಡಿ ಅವಳ ಉಡಿಯಲ್ಲೇ ಇತ್ತು. ನಾನು ಅದನ್ನು ತೋರಿಸಿದೆ. ಅದು ಬೇರೆ ಎಂದಳು. ಹೇಗೆ ಬೇರೆ ಎಂದು ಕೇಳಿದರೆ, ಅದಕ್ಕೆ ವಾಸನೆ ಇಲ್ಲವಲ್ಲ ಎಂದಳು.

ಅಕ್ಕ ಮಾತ್ರ ನನ್ನನ್ನು ಬದಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು. “ತಂಗಿ, ವಾಸನಿ ಹೋಗ್ಲಿ. ನಾ ವಾಸನಿಗೆ ಅಂಜಂಗಿಲ್ಲ. ಇದನ್ನ ಹೊಡದ ಮ್ಯಾಲೆ ಹುಳಿ ಹಿಂಡಿ ಮಂದಿಗೆ ಕೊಡಬೌದಾ? ಆಣಿ ಮಾಡಿ ಹೇಳು.”

ಆಣೆಗೀಣೆ ನನಗೆ ಬರುವುದಿಲ್ಲ. ಆದರೂ ಹೇಳಿದೆ. “ಕೊಡಬೌದ್ರಿ ಅಕ್ಕ. ಎರಡು ರಾತ್ರಿ ಬಿಡ್ರಿ, ಮೂರನೇ ದಿನ ಹಿಂಡ್ರಿ. ಅದು ಹುಳಕ್ಕ ಬಿಟ್ರ ಯಾರಿಗೂ ಏನೂ ಮಾಡಂಗಿಲ್ಲ. ಅವತ್ತು ನಾನೂ ಬರ್ತೀನಿ.”

“ನೀ ಹೇಳಿದ್ಮ್ಯಾಲೆ ಆತು ಬಿಡು” ಎಂದರು.

ಅದಕ್ಕಾಗಿ ಡಬ್ಬಿಗೆ ಹಾಕಿದ ಹುಳಗಳ ಮೊದಲ ತಂಡ ಹಾಳಾಯಿತು. ಗೋದಾಮಿನ ಗೋಡೆ ಹತ್ತಿ ಬಂದ ಇರುವೆ ಸಾಲು ಮುಚ್ಚಳದ ತೂತಿನಿಂದ ಇಳಿದು ಸತ್ತ ಹುಳವನ್ನೆಲ್ಲ ಹೊತ್ತುಕೊಂಡು ಹೋಗಿತ್ತು. ಮೇಜಿನ ಕಾಲುಗಳನ್ನು ನೀರಿನ ತಟ್ಟೆಗಳಲ್ಲಿಟ್ಟು ಮತ್ತೆ ಶುರು ಮಾಡಿದೆ. ಎರಡನೆಯ ತಂಡದಲ್ಲಿ ಅರ್ಧ ಹುಳ ರೋಗ ತಗುಲದೆ ಕೋಶ ಕಟ್ಟಿದವು. ದೊಡ್ಡ ಹುಳಕ್ಕೆ ನಂಜು ಸರಿಯಾಗಿ ಹತ್ತುವುದಿಲ್ಲ, ಆರಿಸುವಾಗ ಅವಸರ ಮಾಡಿದ್ದೆ. ಮೂರನೆಯದು ಚೆನ್ನಾಗಿ ಬಂತು. ಮುಚ್ಚಳ ಮುಚ್ಚಳಕ್ಕೂ ಒಂದೊಂದು ಬಿಳಿ ಹೆಣ. ಅವನ್ನು ಬಿಡಿಸುತ್ತ ಕೂತಾಗ ಖುಷಿಯಾಗಿತ್ತು ಎಂದರೆ ಓದುವವರು ನಗಬಹುದು.

ಔಷಧಿ ಸಿದ್ಧವಾದ ದಿನ ನಾನೇ ಕ್ಯಾನು ಹೊತ್ತು ಹೋಗುವವಳಿದ್ದೆ. ಅಷ್ಟರಲ್ಲಿ ಕೋಗಳಿ ಕಡೆಯ ತೊಗರಿ ಹೊಲದಿಂದ ಹುಳ ಆರಿಸಲು ಇದೇ ಕೊನೆಯ ಅವಕಾಶ, ನಾಳೆ ಕೊಯ್ಯುತ್ತಾರೆ ಎಂದು ಸುದ್ದಿ ಬಂತು. ಹುಳ ಇಲ್ಲದೆ ಮುಂದಿನ ತಂಡವಿಲ್ಲ. ವ್ಯವಸ್ಥಾಪಕರು, “ನೀವು ಹೋಗಿ ಬರ್ರಿ ಮೇಡಂ, ನಾನು ಮುಂದೆ ನಿಂತು ಹೊಡೆಸ್ತೀನಿ” ಎಂದರು. ಬೆಲ್ಲ, ನೀಲಿ ಎಲ್ಲ ಅಳೆದು ಬೇರೆ ಬೇರೆ ಕಟ್ಟಿ ಕೊಟ್ಟು, ಸಂಜೆಯೇ ಹೊಡೆಸಬೇಕೆಂದು ಹೇಳಿ ನಾನು ಕೋಗಳಿಗೆ ಹೋದೆ.

ಮೂರನೆಯ ದಿನ ಬೆಳಗ್ಗೆ ಅಕ್ಕನ ಹೊಲ ಮುಟ್ಟಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಅಕ್ಕ ಧೋತರ ಹಿಂಡಿ ಮನೆಗೆ ಹೋಗಿಯಾಗಿತ್ತು. ಮೈದುನ ಬದುವಿನ ಮೇಲೆ ನಿಂತು ನಗುತ್ತಿದ್ದರು.

“ಮೇಡಮ್ಮಾರ, ಬರ್ರಿ ಬರ್ರಿ, ನಿಮ್ಮ ರಸ ಭಾರಿ ಐತ್ರಿ. ಮರುದಿನ ಮುಂಜೇಲೆನ ಎಲ್ಲಾ ಹುಳ ಉದರಿ ಬಿದ್ದಿದ್ದು. ನಾ ಸುಮ್ನ ನಿಮಗ ಬೈದೆ.”

ಮರುದಿನವೇ? ನಂಜಿಗೆ ಅಷ್ಟು ಬೇಗ ಕೊಲ್ಲಲು ಬರುವುದಿಲ್ಲ. ಸಾಲಿಗೆ ಇಳಿದು ಮೊದಲು ಗಿಡಗಳ ತುದಿ ನೋಡಿದೆ, ಒಂದೂ ಜೋತು ಬಿದ್ದಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದೆ. ಹುಳಗಳು ಮುದುರಿಕೊಂಡು, ಒಣಗಿ ಕರಿದಾರವಾಗಿ ಬಿದ್ದಿದ್ದವು. ಬೆರಳಲ್ಲಿ ಒತ್ತಿದರೆ ನೀರಿಲ್ಲ, ಪುಡಿಯಾಯಿತು. ಅವುಗಳ ನಡುವೆ ಕೆಂಪು ಗುಲಗಂಜಿ ಹುಳಗಳು ಅಂಗಾತ ಬಿದ್ದಿದ್ದವು. ಗಿಡಕ್ಕೆ ಹತ್ತುವ ಹೇನು ತಿಂದು ಬದುಕುವ, ನಮಗೆ ಬೇಕಾದ ಹುಳಗಳು. ಜೇಡಗಳು ಕಾಲು ಮಡಚಿ ಬಿದ್ದಿದ್ದವು. ಹಿಂದಿನ ಬೆಳಗ್ಗೆ ಚೆಲ್ಲಿದ ಮಂಡಕ್ಕಿ ಚೆಲ್ಲಿದ ಹಾಗೇ ಇತ್ತು, ಒಂದು ಹಕ್ಕಿಯೂ ಇಳಿದಿರಲಿಲ್ಲ.

“ಔಷಧಕ್ಕ ಮತ್ತೇನರ ಹಾಕಿದ್ರೇನ್ರಿ?”

“ಅಂಟು ಹಾಕಿದ್ವಿ. ಎಲಿಗೆ ಹತ್ತಿಕೊಳ್ಳಬೇಕಲ್ರಿ ಮತ್ತ? ಸಾಹೇಬ್ರು ಒಂದು ಸಣ್ಣ ಡಬ್ಬಿ ಕೊಟ್ರು, ಮುಚ್ಚಳದಾಗ ಅಳದು ಹಾಕು ಅಂದ್ರು.”

ಡಬ್ಬಿ ಬದುವಿನ ಬೇವಿನ ಬುಡದಲ್ಲಿ ಬಿದ್ದಿತ್ತು. ಮೇಲಿನ ಚೀಟಿಯನ್ನು ಕೆರೆದು ತೆಗೆದಿದ್ದರು. ಮುಚ್ಚಳ ಬಿಚ್ಚಿ ಮೂಗಿಗೆ ಹಿಡಿದೆ. ಸೀಮೆಎಣ್ಣೆಯಂಥ ಘಾಟು. ಅಂಟಿಗೆ ಆ ಘಾಟು ಇರುವುದಿಲ್ಲ. ಆ ಘಾಟು ಯಾವುದರದ್ದೆಂದು ನಮ್ಮ ಕಡೆ ರೈತರ ಮನೆಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಿಲ್ಲ. ಮೈದುನರೂ ಮೂಸಿ ನೋಡಿದರು. ಅವರ ಮುಖದ ನಗು ಇಳಿಯಿತು.

“ಎಣ್ಣಿ ಐತಲ್ರಿ ಇದು” ಎಂದರು ಮೆಲ್ಲಗೆ.

ಕಡಲೆ ಉಳಿದಿತ್ತು. ನಾನು ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿತೂ ಹೌದು. ಆದರೆ ಹುಳಿ ಆಗಲೇ ಬಾಟಲಿ ಸೇರಿ ಓಣಿಗೆ ಹೋಗಿತ್ತು. ಅದನ್ನು ಹಿಂಡಬಹುದು ಎಂದದ್ದು ನನ್ನ ಬಾಯಿ. ಓಡಿದೆ.

ಅಕ್ಕ ಕಟ್ಟೆಯ ಮೇಲೆ ಕೂತು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಹುಳಿ ಹಿಂಡಿದ ಕೈ ಉರಿಯುವುದು ಇದ್ದದ್ದೇ. ಈ ಸಲ ಉರಿ ಜಾಸ್ತಿ, ಚುಚ್ಚಿದ ಹಾಗಾಗುತ್ತಿದೆ ಎಂದರು. ನಾನು ಡಬ್ಬಿಯನ್ನು ಅವರ ಮುಂದಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು, ಸೆರಗು ಸಿಕ್ಕಿಸಿ, “ಯಾರ್‍ಯಾರ ಮನಿಗೆ ಕೊಟ್ಟೀನಿ ನನಗ ನೆಪ್ಪೈತಿ. ನಡಿ” ಎಂದರು. ಅವರು ಆಮೇಲೆ ಆ ಬೆಳಗೆಲ್ಲ ನನ್ನ ಮುಖ ನೋಡಲಿಲ್ಲ.

ಮನೆ ಮನೆಗೂ ಹೋದೆವು. ಕೊಟ್ಟ ಬಾಟಲಿಯನ್ನು ವಾಪಸು ಕೇಳುವುದು ನಮ್ಮಲ್ಲಿ ಎಂಥ ಅವಮಾನ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಅಕ್ಕ ಪ್ರತಿ ಬಾಗಿಲಲ್ಲೂ ನಿಂತು ಅದೇ ಮಾತು ಹೇಳಿದರು: “ಎಣ್ಣಿ ಬಿದ್ದೈತ್ರಿ, ಕೊಡ್ರಿ, ಚೆಲ್ಲತೀನಿ.” ಕೆಲವರು ಸುಮ್ಮನೆ ತಂದುಕೊಟ್ಟರು. ಕೆಲವರು ಗೊಣಗಿದರು. ನನ್ನ ಮುಂದೆ ಉಗುಳಿದ್ದ ಹೆಂಗಸು ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತಳು.

“ಹುಳದ ರಸ ಹೊಡದೀರಿ ಅಂತ ಗೊತ್ತಿದ್ದೂ ಮೂಗು ಮುಚ್ಚಿಕೊಂಡು ತಗೊಂಡೀನಿ. ಎಣ್ಣಿ ಅಂದ್ರ ಎಲ್ಲಾರೂ ಹೊಡಿತಾರ. ಅದಕ್ಯಾಕ ಇಷ್ಟು ರಾದ್ಧಾಂತ?” ಎಂದಳು. ಅಕ್ಕ ಕೈ ಚಾಚಿಕೊಂಡೇ ನಿಂತರು. ಕೊನೆಗೆ ಕೊಟ್ಟಳು.

ಓಣಿಯ ತುದಿಯ ಮನೆಯಲ್ಲಿ ಒಬ್ಬ ಅಜ್ಜ. ಬಿಸಿಲಿಗೆ ಕಂಬಳಿ ಹಾಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಖಾಲಿ ಮಜ್ಜಿಗೆ ಲೋಟ. ರಾತ್ರಿಯಿಂದ ಹೊಟ್ಟೆನೋವಂತೆ, ಹುಳಿ ಬಂದದ್ದೇ ಕುಡಿದಿದ್ದರು.

“ಬಾರವ್ವ” ಎಂದು ಅಕ್ಕನನ್ನು ನೋಡಿ ನಕ್ಕರು. “ಈ ವರ್ಷದ ಹುಳಿ ಭಾಳ ಖಡಕ್ ಐತಿ ನೋಡು. ನಾಲಿಗಿ ಇನ್ನಾ ಚುಮುಚುಮು ಅಂತೈತಿ. ನಿಮ್ಮತ್ತಿ ಇದ್ದಾಗ ಸೈತ ಇಂಥಾದ್ದು ಬಂದಿದ್ದಿಲ್ಲ.”

ಕೊಳೆತ ಹುಳ ಅರೆಯುವಾಗ ಎಂದೂ ಓಕರಿಸದ ನಾನು ಚರಂಡಿಯ ಬದಿಗೆ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ಒರೆಸಿಕೊಂಡು ಬಂದು ಮೈದುನರನ್ನು ಕರೆಸಿ, ಅಜ್ಜನನ್ನು ಅವರ ಬೈಕಿನ ನಡುವೆ ಕೂರಿಸಿ, ಹಿಂದೆ ನಾನು ಹಿಡಿದುಕೊಂಡು, ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅಜ್ಜ ಬೈಯುತ್ತಲೇ ಇದ್ದರು. ಹೊಟ್ಟೆನೋವು ಇಳಿದವನನ್ನು ಆಸ್ಪತ್ರೆಗೆ ಒಯ್ಯುವ ಮಂದಿಯನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ.

ವೈದ್ಯರು ಯಾವ ವಿಷ ಎಂದು ಕೇಳಿದರು. ಚೀಟಿ ಕೆರೆದ ಡಬ್ಬಿ ತೋರಿಸಿದೆ. ಇದರಿಂದ ನನಗೇನು ಗೊತ್ತಾಗಬೇಕು ಎಂದು ಗದರಿದರು. ಹೊರಗೆ ಬಂದು ವ್ಯವಸ್ಥಾಪಕರಿಗೆ ಫೋನು ಮಾಡಿದೆ.

“ಅಂಟು ಮೇಡಂ, ಬರೀ ಅಂಟು.”

“ಒಬ್ಬ ಅಜ್ಜ ಆ ಹುಳಿ ಕುಡದು ಆಸ್ಪತ್ರಿಯಾಗ ಅದಾನ್ರಿ. ಹೆಸರು ಹೇಳ್ರಿ.”

ಫೋನು ಕಟ್ ಆಯಿತು. ಆ ಮೇಲಿನ ಸ್ವಲ್ಪ ಹೊತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಆ ಮನುಷ್ಯನನ್ನು ನಾನು ಏನೇನೆಂದು ಬೈದೆನೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ಅವರೇ ಫೋನು ಮಾಡಿ, ಆ ವಿಷದ ಹೆಸರನ್ನಷ್ಟೇ ಹೇಳಿ, ಮತ್ತೆ ಇಟ್ಟುಬಿಟ್ಟರು. ವೈದ್ಯರು ಅಜ್ಜನನ್ನು ಸಂಜೆಯವರೆಗೆ ಮಲಗಿಸಿಕೊಂಡು, ಎಲೆ ಮೇಲಿನದು ಇಬ್ಬನಿಗೆ ಇಳಿದು, ಅದರಲ್ಲಿ ಒಂದು ಚಮಚ ತಾನೆ, ಹೊಟ್ಟೆಗೆ ಹೋದದ್ದು ಬಹಳ ಕಮ್ಮಿ ಎಂದು ಹೇಳಿ ಕಳಿಸಿದರು. ಅಜ್ಜ ಆರಾಮಾಗಿದ್ದರು. ಪಕ್ಕದ ಹಾಸಿಗೆಯವನಿಗೆ ಈ ವರ್ಷದ ಹುಳಿಯ ಗುಣಗಾನ ಮಾಡುತ್ತಿದ್ದರು.

ಮರುದಿನ ಗೋದಾಮಿಗೆ ಹೋದಾಗ ವ್ಯವಸ್ಥಾಪಕರು ಚಹಾ ತರಿಸಿಟ್ಟಿದ್ದರು. ನಾನು ನಿಂತೇ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು. ಅವರು ನಾಚಲಿಲ್ಲ, ಹೆದರಲೂ ಇಲ್ಲ. ಮಗುವಿಗೆ ತಿಳಿಹೇಳುವ ಹಾಗೆ ಹೇಳಿದರು.

“ಮೇಡಂ, ನಿಮ್ಮ ನಂಜು ಕೆಲಸ ಮಾಡಾಕೆ ವಾರ ಬೇಕು. ಅಷ್ಟೊತ್ತಿಗೆ ರೈತ ಅಂಗಡಿಗೆ ಹೋಗಿ ಎಣ್ಣೆ ತಂದಿರ್ತಾನೆ. ಬೆಳಗ್ಗೆ ಎದ್ದು ನೋಡಿದ್ರೆ ಹುಳ ಬಿದ್ದಿರ್ಬೇಕು. ಅವಾಗ ನಂಬ್ತಾನೆ. ನಾನೇನು ಲೀಟರುಗಟ್ಟಲೆ ಹಾಕಿದ್ನಾ? ಒಂದು ಮುಚ್ಚಳ.”

“ಅಕ್ಕನ ಹೊಲಕ್ಕ ಅಷ್ಟ ಹಾಕಿದ್ರೇನು?”

“ಮೊದಲಿಂದನೂ ಹಂಗೇ ಐತೆ. ಎಲ್ಲಾ ಕ್ಯಾನಿಗೂ.”

ಎಲ್ಲ ಕ್ಯಾನಿಗೂ. ನಾನು ಬೀಗಿಕೊಂಡು ನೋಡಿ ಬಂದ ಹೊಲಗಳೆಲ್ಲ ಕಣ್ಣ ಮುಂದೆ ಬಂದವು. ಆ ಹುಳಗಳನ್ನು ಕೊಂದದ್ದು ನನ್ನ ನಂಜಲ್ಲ.

“ಹಂಗಾದ್ರ ನಾ ಇಷ್ಟು ದಿನ ಹುಳ ಕೊಳಿಸಿದ್ದು ಯಾತಕ್ರಿ?”

“ವಾಸ್ನೆ ಬೇಕಲ್ಲ ಮೇಡಂ” ಎಂದರು ಚಹಾ ಹೀರುತ್ತ. “ಆ ವಾಸ್ನೆ ಇದ್ರೇನೆ ಇದು ಸಾವಯವ ಅಂತ ಜನ ನಂಬೋದು.”

ಮೇಜಿನ ಮೇಲೆ ಸಾಲಾಗಿ ಡಬ್ಬಿಗಳಿದ್ದವು. ಕೋಗಳಿಯಿಂದ ತಂದ ಹುಳಗಳು ಇನ್ನೂ ಜೀವಂತವಾಗಿ ನೆನೆಗಡಲೆ ಕೊರೆಯುತ್ತಿದ್ದವು. ಅವುಗಳನ್ನು ನೋಡಿ ಸಿಟ್ಟಾಗುತ್ತಿದ್ದ ನನ್ನ ಬಗ್ಗೆ ನನಗೇ ನಗು ಬಂತು. ಹುಳ ಹೊಟ್ಟೆಗಾಗಿ ಕಾಯಿ ಕೊರೆಯುತ್ತದೆ, ಅಷ್ಟೇ. ಈ ಮನುಷ್ಯ ಚೊಕ್ಕಟ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಹತ್ತಾರು ಮನೆಯ ಮಜ್ಜಿಗೆ ಲೋಟಕ್ಕೆ ವಿಷ ಹನಿಸಿ ಚಹಾ ಕುಡಿಯುತ್ತಿದ್ದ. ಉಳಿದಿದ್ದ ಔಷಧಿಯ ಕ್ಯಾನುಗಳಲ್ಲಿ ಯಾವುದು ಶುದ್ಧ, ಯಾವುದು ಬೆರಕೆ ಎಂದು ನನಗೀಗ ಗೊತ್ತಿರಲಿಲ್ಲ. ಎಲ್ಲವನ್ನೂ ಎಳೆದು ಹೊರಗೆ ತಂದೆ. ಕೆರೆ, ಬಾವಿ ಯಾವುದೂ ಹತ್ತಿರವಿಲ್ಲದ ಒಣ ದಿಬ್ಬದ ಮೇಲೆ ಗುಂಡಿ ತೋಡಿಸಿ, ಅವನ್ನೂ ಓಣಿಯಿಂದ ತಂದ ಹುಳಿಯನ್ನೂ ಸುರಿದು ಮುಚ್ಚಿಸಿದೆ.

ಸಂಘದ ನಿರ್ದೇಶಕರು ಸಭೆ ಕರೆದರು. ನಾನು ಡಬ್ಬಿ ಮುಂದಿಟ್ಟು ಎಲ್ಲ ಹೇಳಿದೆ. ಹಿರಿಯ ನಿರ್ದೇಶಕರೊಬ್ಬರು ಡಬ್ಬಿಯನ್ನು ಮುಟ್ಟದೆ, ನನ್ನನ್ನು ಮಾತ್ರ ದಿಟ್ಟಿಸಿ ಕೇಳಿದರು: “ಬೆಳಿ ಉಳದೈತಿ. ಅಜ್ಜ ಆರಾಮ ಅದಾನ. ಇನ್ನೇನು ಬೇಕವ್ವ ನಿನಗ?” ವ್ಯವಸ್ಥಾಪಕರಿಗೆ ಇನ್ನು ಮುಂದೆ ಹೀಗೆ ಮಾಡಬೇಡಿ ಎಂದರು. ನನಗೆ, ಇದನ್ನು ಹೊರಗೆ ಆಡಬೇಡಿ ಎಂದರು. ಎರಡೂ ಮಾತು ಒಂದೇ ದನಿಯಲ್ಲಿ ಬಂತು. ಅಲ್ಲೇ ಗೋದಾಮಿನ ಕೀಲಿಯನ್ನು ಮೇಜಿನ ಮೇಲಿಟ್ಟೆ.

ಹೊರಗೆ ಆಡಬಾರದೆಂದದ್ದನ್ನೇ ಆಡಲು ಹೊರಟೆ. ನಮ್ಮ ಔಷಧಿ ತೆಗೆದುಕೊಂಡಿದ್ದ ಪ್ರತಿಯೊಬ್ಬ ರೈತನ ಮನೆಗೂ ಸ್ಕೂಟರಿನಲ್ಲಿ ಹೋದೆ. ಹಗರಿಬೊಮ್ಮನಹಳ್ಳಿ ಕಡೆ ಒಬ್ಬರು ಹೊಸ್ತಿಲು ದಾಟಲು ಬಿಡದೆ ಬೈದು ಕಳಿಸಿದರು. ಅವರ ಮೇಲೆ ನನಗೆ ಗೌರವವೇ ಹುಟ್ಟಿತು. ಕೊಟ್ಟೂರಿನ ಹತ್ತಿರ ಒಬ್ಬರು, ನೀವು ಸಂಬಳದ ಜಗಳ ಮಾಡಿಕೊಂಡು ಬಂದಿರಬೇಕು ಎಂದು ನಕ್ಕರು. ಬಾಗಳಿ ಬದಿಯ ಒಬ್ಬ ರೈತರು ಮಾತ್ರ ಕೊನೆಯವರೆಗೆ ತಲೆ ಆಡಿಸುತ್ತ, ಗಮನವಿಟ್ಟು ಕೇಳಿದರು. ಇವರಿಗಾದರೂ ಅರ್ಥವಾಯಿತಲ್ಲ ಎಂದು ನಾನು ಎದ್ದೆ. ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಕೇಳಿದರು.

“ಮೇಡಂ, ಆ ಅಂಟು ಯಾವ ಅಂಗಡ್ಯಾಗೆ ಸಿಗ್ತತೆ?”

ಸ್ಕೂಟರು ಹತ್ತಿ ಬಂದುಬಿಟ್ಟೆ. ಒಂದೊಂದು ಸಲ ಅನ್ನಿಸುತ್ತದೆ, ನಾನು ತಿರುಗಿದ ದಾರಿಯಲ್ಲೆಲ್ಲ ಆ ಡಬ್ಬಿಗೆ ಪ್ರಚಾರ ಮಾಡಿ ಬಂದೆನೇನೋ ಎಂದು.

ಕಡಲೆ ಕೊಯ್ದು, ಬಡಿದು, ತೂರಿ ಮುಗಿದ ಮೇಲೆ ಅಕ್ಕನ ಮನೆಗೆ ಹೋದೆ. ಹೋಗಲು ಮುಖವಿರಲಿಲ್ಲ, ಹೋಗದಿರಲೂ ಆಗಲಿಲ್ಲ. ಅಕ್ಕ ಒಳಗೆ ಕರೆದರು, ಚಾಪೆ ಹಾಸಿದರು. ಅವರ ಅಂಗೈಯ ಸಿಪ್ಪೆ ಸುಲಿದು ಹೊಸ ಚರ್ಮ ಬಂದಿತ್ತು. ಸಂಘದಲ್ಲಿ ನಡೆದದ್ದನ್ನು ಹೇಳಿದೆ. ಹ್ಞೂಂ ಎಂದು ಕೇಳಿದರು.

“ಮುಂದಿನ ವರ್ಷ ಹುಳಿ ಹಿಂಡಬೌದೇನವ್ವ?” ಎಂದರು.

ಮಳೆ ಬಿದ್ದು, ಬಿಸಿಲು ಬಿದ್ದು, ಇನ್ನೊಂದು ಬೆಳೆ ಬರುವ ಹೊತ್ತಿಗೆ ಆ ವಿಷ ನೆಲದಲ್ಲಿ ಉಳಿಯುವುದಿಲ್ಲ ಎಂದು ಓದಿನಿಂದ ನನಗೆ ಗೊತ್ತು. ಹಿಂಡಬಹುದು ಎಂದು ಹೇಳಬಹುದಿತ್ತು. ಒಂದು ಸಲ ಹಾಗೆ ಹೇಳಿದ ಬಾಯಿ ಇದು. ತೆರೆಯಲಿಲ್ಲ. ಅಕ್ಕ ಎದ್ದು ಒಲೆಯ ಕಡೆ ಹೋಗಿ ಒಂದು ತಟ್ಟೆ ತುಂಬ ಕಡಲೆ ಉಸುಳಿ ತಂದು ಮುಂದಿಟ್ಟರು. ಮೇಲೆ ಹಸಿ ಉಳ್ಳಾಗಡ್ಡಿ, ಕೊಬ್ಬರಿ.

“ನಿಮ್ಮ ಹೊಲದ್ದೇನ್ರಿ ಅಕ್ಕ?”

“ಇಲ್ಲವ್ವ. ನಮ್ಮವು ಅಷ್ಟೂ ಮಾರಿಬಿಟ್ಟೆ. ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವು ಅಂಗಡೀವು, ಕೊಂಡು ತಂದೀನಿ.”

ಅಂಗಡಿಯ ಕಡಲೆ ಎಂದರೆ ಅದಕ್ಕೆ ಎಷ್ಟು ಸಲ, ಏನೇನು ಹೊಡೆದಿರುತ್ತಾರೆಂಬುದು ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಅವರ ಮುಖ ನೋಡಿದೆ. ಆ ಬೆಳಗಿನ ನಂತರ ಮೊದಲ ಸಲ ಅವರೂ ನನ್ನ ಮುಖ ನೋಡಿದರು.

“ಇವಕ್ಕ ಏನು ಹೊಡದಾರ, ಯಾರು ಹೊಡದಾರ, ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕಣ್ಣು ಮುಚ್ಚಿ ತಿನಬೌದು. ಗೊತ್ತಿದ್ದದ್ದನ್ನ ಹ್ಯಾಂಗ ತಿನ್ಲಿ ಹೇಳು. ತಿನ್ನು, ಆರತೈತಿ.”

ತಟ್ಟೆ ಎತ್ತಿಕೊಂಡು ತಿಂದೆ. ಉಪ್ಪು ಖಾರ ಎಲ್ಲ ಸರಿಯಾಗಿತ್ತು.